‘ಸಿದ್ಧ’ವೆಂಬ ಹೆಸರು, ‘ಮದ್ದು’ ಎಂಬ ಅರಿವು: ಕುಂದಾಪುರ ಸೀಮೆಯ ವೈದ್ಯಪರಂಪರೆಯ ವಿವೇಚನೆ

ಕರಾವಳಿಯ ವೈದ್ಯಪರಂಪರೆಯನ್ನು ಚರ್ಚಿಸುವಾಗ ‘ಸಿದ್ಧ’ ಎಂಬ ಪದವು ಮೂರು ಬೇರೆ ಬೇರೆ ಅರ್ಥಗಳಲ್ಲಿ ಎದುರಾಗುತ್ತದೆ. ಒಂದನೆಯದು ಬಳಕೆಯ ಅರ್ಥ: ಅಣಿಯಾದುದು, ಪ್ರಯೋಗದಲ್ಲಿ ಗೆದ್ದು ನಿಂತದ್ದು. ‘ಸಿದ್ಧೌಷಧ’ ಎಂದಾಗ ಕನ್ನಡಿಗರಿಗೆ ಹೊಳೆಯುವುದು ಈ ಅರ್ಥವೇ. ಎರಡನೆಯದು, ಯೋಗಸಾಧನೆಯಿಂದ ದೇಹವನ್ನು ಗೆದ್ದವನೆಂದು ನಂಬಲಾದ ನಾಥಸಿದ್ಧ. ಮೂರನೆಯದು, ತಮಿಳು ನೆಲದಲ್ಲಿ ಬೆಳೆದು ಇಂದು ಸರಕಾರದ ಮನ್ನಣೆ ಪಡೆದಿರುವ ವೈದ್ಯಪದ್ಧತಿ. ಈ ಮೂರನ್ನೂ ಒಂದೇ ಎಳೆಯಲ್ಲಿ ಪೋಣಿಸಿ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಹಳ್ಳಿಮದ್ದನ್ನು ಸಿದ್ಧವೈದ್ಯದ ಒಂದು ಶಾಖೆಯೆಂದು ಕರೆಯುವುದು ಸುಲಭ. ಹಾಗೆ ಕರೆಯುವುದಕ್ಕೆ ಆಧಾರವಿದೆಯೇ, ಕರೆದರೆ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ತಮಿಳಿನ ಸಿದ್ಧವೈದ್ಯ

ಸಿದ್ಧವೈದ್ಯವು ತನ್ನ ಮೂಲವನ್ನು ಅಗಸ್ತ್ಯ, ತಿರುಮೂಲರ್, ಭೋಗರ್ ಮೊದಲಾದ ಹದಿನೆಂಟು ಸಿದ್ಧರಲ್ಲಿ ಕಾಣುತ್ತದೆ. ವಳಿ, ಅಳಲ್, ಐಯಂ ಎಂಬ ಮೂರು ದೋಷಗಳ ಕಲ್ಪನೆ ಆಯುರ್ವೇದದ ವಾತ, ಪಿತ್ತ, ಕಫಗಳಿಗೆ ಹತ್ತಿರವಾದುದು. ಆದರೆ ನಾಡಿ, ನಾಲಿಗೆ, ಬಣ್ಣ, ದನಿ, ಕಣ್ಣು, ಸ್ಪರ್ಶ, ಮಲ, ಮೂತ್ರಗಳ ಎಂಟು ಬಗೆಯ ಪರೀಕ್ಷೆ, ಮೂತ್ರದ ಮೇಲೆ ಎಣ್ಣೆಯ ಹನಿ ಹರಡುವ ರೀತಿಯನ್ನು ನೋಡಿ ರೋಗವನ್ನು ನಿರ್ಣಯಿಸುವ ಕ್ರಮ, ಪಾದರಸ ಮತ್ತು ಲೋಹಗಳ ಸಂಸ್ಕಾರ, ಮರ್ಮಸ್ಥಾನಗಳ ಚಿಕಿತ್ಸೆ ಇವು ಅದಕ್ಕೆ ತನ್ನದೇ ಆದ ಚಹರೆಯನ್ನು ನೀಡಿವೆ. ಈ ಪದ್ಧತಿಯ ಬೆನ್ನೆಲುಬು ತಮಿಳು ಪದ್ಯಗ್ರಂಥಗಳು. ಇಂದು ಅದರ ಅಧ್ಯಯನಕ್ಕೆ ಪದವಿ ಶಿಕ್ಷಣವಿದೆ. ಚೆನ್ನೈಯ ತಾಂಬರಂನಲ್ಲಿ 2005ರಲ್ಲಿ ಉದ್ಘಾಟನೆಗೊಂಡ ರಾಷ್ಟ್ರೀಯ ಸಿದ್ಧ ಸಂಸ್ಥೆಯಿದೆ. 2010ರಲ್ಲಿ ಆಯುರ್ವೇದದಿಂದ ಬೇರ್ಪಟ್ಟ ಪ್ರತ್ಯೇಕ ಕೇಂದ್ರೀಯ ಸಂಶೋಧನಾ ಪರಿಷತ್ತಿದೆ. ಎಂದರೆ ಗ್ರಂಥ, ಪಾಠ, ಪದವಿ, ಪರಿಷತ್ತು ಎಂಬ ನಾಲ್ಕು ಕಂಬಗಳ ಮೇಲೆ ನಿಂತ ಕಟ್ಟಡ ಅದು.

ಕುಂದಾಪುರ ಸೀಮೆಯು 1956ರ ಏಕೀಕರಣದವರೆಗೆ ಮದರಾಸು ಆಡಳಿತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು ಎಂಬುದು ಇಲ್ಲಿ ಗಮನಾರ್ಹ. ದೇಶೀಯ ವೈದ್ಯಪದ್ಧತಿಗಳನ್ನು ಕುರಿತು ಉಸ್ಮಾನ್ ಸಮಿತಿ 1923ರಲ್ಲಿ ವರದಿ ಸಲ್ಲಿಸಿದ್ದು ಈ ಮದರಾಸು ಸರಕಾರಕ್ಕೇ. ಸಿದ್ಧದ ತವರೂ ಈ ಸೀಮೆಯೂ ಒಂದೇ ಆಡಳಿತದ ನೆರಳಿನಲ್ಲಿದ್ದರೂ ಆ ಪದ್ಧತಿ ಇಲ್ಲಿ ಬೇರುಬಿಡಲಿಲ್ಲ. ಅದಕ್ಕೆ ಮುಖ್ಯ ಕಾರಣ ಭಾಷೆಯೆಂದು ತೋರುತ್ತದೆ. ತಮಿಳು ಪದ್ಯದಲ್ಲಿ ಅಡಗಿರುವ ಪರಿಭಾಷೆ ತಮಿಳನ್ನು ಬಿಟ್ಟು ಸುಲಭವಾಗಿ ನಡೆಯಲಾರದು.

ಕನ್ನಡದ ಸಿದ್ಧಪರಂಪರೆ

ಹಾಗೆಂದು ಕರಾವಳಿಗೆ ಸಿದ್ಧರು ಅಪರಿಚಿತರಲ್ಲ. ಮಂಗಳೂರಿನ ಕದ್ರಿಯಲ್ಲಿ ಆಳುಪ ಅರಸ ಕುಂದವರ್ಮನು ಕ್ರಿ.ಶ. 968ರಲ್ಲಿ ಲೋಕೇಶ್ವರನ ಮೂರ್ತಿಯನ್ನು ಪ್ರತಿಷ್ಠಾಪಿಸಿದ ಶಾಸನವಿದೆ. ಬೌದ್ಧ ಹಿನ್ನೆಲೆಯ ಆ ಕ್ಷೇತ್ರ ಮುಂದೆ ನಾಥಪಂಥದ ಪ್ರಮುಖ ನೆಲೆಯಾಯಿತು. ಅದೇ ಆಳುಪರ ರಾಜಧಾನಿಯಾಗಿದ್ದ ಬಾರಕೂರು ಇಂದಿನ ಬ್ರಹ್ಮಾವರ ತಾಲೂಕಿನಲ್ಲಿದೆ. ಕುಂದಾಪುರ ತಾಲೂಕಿನಲ್ಲಿ ಸಿದ್ದಾಪುರವೆಂಬ ಊರೂ ಇದೆ. ಆದರೆ ಊರಿನ ಹೆಸರು, ಮಠದ ಇರವು ಇವು ವೈದ್ಯಪದ್ಧತಿಯೊಂದರ ಇರವಿಗೆ ಸಾಕ್ಷಿಯಾಗಲಾರವು.

ಅಷ್ಟೇ ಅಲ್ಲ, ದೇಹವನ್ನು ವಜ್ರವಾಗಿಸುವ ಸಿದ್ಧರ ಗುರಿಯನ್ನೇ ಕನ್ನಡ ಸಾಹಿತ್ಯ ಪ್ರಶ್ನಿಸಿದೆ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಗೋರಕ್ಷನ ದೇಹಕ್ಕೆ ಕತ್ತಿ ತಾಗಿದಾಗ ಸದ್ದು ಏಳುತ್ತದೆ, ಅಲ್ಲಮನ ದೇಹದಲ್ಲಿ ಕತ್ತಿ ಬಯಲಿನಲ್ಲೆಂಬಂತೆ ಹಾದುಹೋಗುತ್ತದೆ. ಕಾಯಸಿದ್ಧಿಗಿಂತ ಬಯಲು ಹಿರಿದೆಂಬುದು ಈ ಪ್ರಸಂಗದ ತಾತ್ಪರ್ಯ. ಇದೇ ಕೃತಿಯನ್ನು ಹದಿನೇಳನೆಯ ಶತಮಾನದಲ್ಲಿ ಶಿವಪ್ರಕಾಶರು ತಮಿಳಿಗೆ ತಂದರು. ಸಿದ್ಧರ ನಾಡಿಗೆ ಕನ್ನಡದಿಂದ ಹೋದದ್ದು ಕಾಯಸಿದ್ಧಿಯ ವಿಮರ್ಶೆ ಎಂಬುದು ಕುತೂಹಲಕರ.

ಕನ್ನಡದ ವೈದ್ಯಗ್ರಂಥಗಳ ದಾರಿಯೂ ಬೇರೆಯೇ. ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ಕೀರ್ತಿವರ್ಮನ ‘ಗೋವೈದ್ಯ’, ಸ್ಥಾವರ ಮತ್ತು ಜಂಗಮ ವಿಷಗಳ ಚಿಕಿತ್ಸೆಯನ್ನು ಹೇಳುವ ಒಂದನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’, ಶ್ರೀಧರದೇವನ ‘ವೈದ್ಯಾಮೃತ’ ಇವು ಬಹುಮಟ್ಟಿಗೆ ಜೈನ ಕವಿಗಳು ಆಯುರ್ವೇದದ ಚೌಕಟ್ಟಿನಲ್ಲಿ ರಚಿಸಿದವು. ಬೈಂದೂರಿಗೆ ಉತ್ತರದಲ್ಲಿ ಆಳಿದ ಸಾಳ್ವಮಲ್ಲನ ಆಶ್ರಯದಲ್ಲಿದ್ದ ಸಾಳ್ವ ಕವಿಯೂ ಹದಿನಾರನೆಯ ಶತಮಾನದಲ್ಲಿ ‘ವೈದ್ಯಸಾಂಗತ್ಯ’ವನ್ನು ಬರೆದನು. ಹಾಡಿಕೊಳ್ಳಬಹುದಾದ ಸಾಂಗತ್ಯದಲ್ಲಿ ವೈದ್ಯವನ್ನು ಹೇಳಿದ್ದು, ಅದು ಪಂಡಿತರಾಚೆಗೂ ತಲುಪಬೇಕೆಂಬ ಆಶಯದ ಸೂಚನೆಯಾಗಿದೆ.

ಸೀಮೆಯ ಮದ್ದು

ಈ ಗ್ರಂಥಗಳ ಪಕ್ಕದಲ್ಲಿ, ಬಹುಪಾಲು ಅವುಗಳ ಹಂಗಿಲ್ಲದೆ, ಹಳ್ಳಿಮದ್ದು ನಡೆದುಬಂದಿದೆ. ಕಾಮಾಲೆಗೆ ನೆಲನೆಲ್ಲಿ, ಸರ್ಪಸುತ್ತಿಗೆ ಕೆಮ್ಮಣ್ಣಿನ ಲೇಪ ಮತ್ತು ಮಂತ್ರ, ಮೂಳೆ ಮುರಿದರೆ ಕಟ್ಟು, ಬಾಣಂತಿಗೆ ಕಷಾಯ, ಹಾವು ಕಡಿದರೆ ವಿಷವೈದ್ಯರು ಹೀಗೆ ಒಂದೊಂದು ಕಾಯಿಲೆಗೆ ಒಂದೊಂದು ಮನೆತನ. ಸಿದ್ಧದಲ್ಲಿ ವೈದ್ಯನು ಇಡೀ ಶಾಸ್ತ್ರವನ್ನು ಬಲ್ಲವನು. ಇಲ್ಲಿ ಒಂದು ಮನೆ ಒಂದು ಮದ್ದನ್ನಷ್ಟೇ ಬಲ್ಲದು. ಮದ್ದನ್ನು ಹೊರಗೆ ಹೇಳಿದರೆ ಅದು ಫಲಿಸದು, ಹಣ ಕೇಳಿದರೆ ಕೈಗುಣ ಹೋಗುತ್ತದೆ ಎಂಬ ನಂಬಿಕೆಗಳೂ ಈ ಅರಿವನ್ನು ಮನೆತನಗಳೊಳಗೇ ಉಳಿಸಿವೆ.

ಮದ್ದು ಆಚರಣೆಯೊಡನೆ ಬೆಸೆದುಕೊಂಡಿರುವುದು ಇನ್ನೊಂದು ಲಕ್ಷಣ. ಬೈಂದೂರು ತಾಲೂಕಿನ ಕೊಲ್ಲೂರು ಮೂಕಾಂಬಿಕಾ ದೇವಾಲಯದಲ್ಲಿ ರಾತ್ರಿಯ ಕಷಾಯ ಮಂಗಳಾರತಿಯ ಬಳಿಕ ಭಕ್ತರಿಗೆ ಕಷಾಯವೇ ತೀರ್ಥ. ಅಸ್ವಸ್ಥರಾದ ಶಂಕರಾಚಾರ್ಯರಿಗೆ ದೇವಿಯೇ ಕಷಾಯವಿತ್ತಳೆಂಬುದು ಐತಿಹ್ಯ. ಆಸಾಡಿ ಅಮಾವಾಸ್ಯೆಯಂದು ಬೆಳಕು ಹರಿಯುವ ಮೊದಲು, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದ ಹಾಲೆ ಮರದ ತೊಗಟೆಯ ರಸವನ್ನು ಬರಿಹೊಟ್ಟೆಯಲ್ಲಿ ಕುಡಿಯುವ ಪದ್ಧತಿ ಕರಾವಳಿಯುದ್ದಕ್ಕೂ ಜೀವಂತವಾಗಿದೆ.

ಹಾಲೆಯ ಉದಾಹರಣೆ ವಿಶೇಷವಾಗಿ ಬೋಧಪ್ರದ. ಕನ್ನಡದ ಹಾಲೆ, ತುಳುವಿನ ಪಾಲೆ, ತಮಿಳಿನ ಏಳಿಲೈಪ್ಪಾಲೈ ಒಂದೇ ಮರ, ಒಂದೇ ಪದಮೂಲ. ಕಡಿದರೆ ಹಾಲು ಸ್ರವಿಸುವುದರಿಂದ ಬಂದ ಹೆಸರು. ಮದ್ದು, ಮರ್ದ್, ಮರುಂದು ಎಂಬ ಪದಗಳೂ ಹೀಗೆಯೇ. ಸಿದ್ಧದೊಡನೆ ಈ ಸೀಮೆಯ ಮದ್ದಿಗಿರುವ ನಂಟು ಯಾವುದೆಂದರೆ ಈ ಬಗೆಯದು: ಸಸ್ಯದ್ದು, ಭಾಷೆಯದು, ಗುರುಪರಂಪರೆಯದಲ್ಲ, ಶಾಸ್ತ್ರದ್ದೂ ಅಲ್ಲ. ಒಂದೇ ತಾಯಿಬೇರಿನಿಂದ ಹೊರಟ ಎರಡು ಕೊಂಬೆಗಳಲ್ಲಿ ಒಂದನ್ನು ಇನ್ನೊಂದರ ಶಾಖೆಯೆನ್ನುವುದು ತರ್ಕಕ್ಕೆ ಒಪ್ಪುವುದಿಲ್ಲ.

ಹೆಸರಿನ ಬೆಲೆ

ಇದು ಕೇವಲ ಪದಗಳ ಜಿಜ್ಞಾಸೆಯಲ್ಲ. ಕರ್ನಾಟಕದಲ್ಲಿ ವೈದ್ಯವೃತ್ತಿಗಾರರ ನೋಂದಣಿಗೆ ಸಂಬಂಧಿಸಿದ 1961ರ ಅಧಿನಿಯಮದ ಶೀರ್ಷಿಕೆಯಲ್ಲಿಯೇ ಆಯುರ್ವೇದ, ಪ್ರಕೃತಿ ಚಿಕಿತ್ಸೆ, ಯುನಾನಿ, ಯೋಗಗಳೊಡನೆ ಸಿದ್ಧದ ಹೆಸರಿದೆ, ಹಳ್ಳಿಮದ್ದಿನ ಹೆಸರಿಲ್ಲ. ಮಾನ್ಯ ಅರ್ಹತೆಯಿಲ್ಲದವರು ಪರಂಪರೆಯ ಬಲದಿಂದಲೇ ವೈದ್ಯವೃತ್ತಿ ನಡೆಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಕೇರಳದ ಪಾರಂಪರಿಕ ವೈದ್ಯರ ಪ್ರಕರಣದಲ್ಲಿ 2018ರಲ್ಲಿ ತೀರ್ಪಿತ್ತಿತು. ಈ ಸ್ಥಿತಿಯಲ್ಲಿ ‘ಸಿದ್ಧ’ ಎಂಬ ಹೆಸರಿನ ಆಸರೆ ಹಳ್ಳಿಯ ವೈದ್ಯರಿಗೆ ಆಕರ್ಷಕವಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೆ ಪದವಿಯಿಲ್ಲದ ಹೆಸರು ನೋಂದಣಿಯನ್ನು ಕೊಡಲಾರದು.

ಆ ಹೆಸರು ಇದ್ದುದನ್ನೂ ಕಸಿಯಬಹುದು. ಜೀವವೈವಿಧ್ಯ ಅಧಿನಿಯಮಕ್ಕೆ 2023ರಲ್ಲಿ ತಂದ ತಿದ್ದುಪಡಿಯು ಗ್ರಂಥಸ್ಥ ಪಾರಂಪರಿಕ ಜ್ಞಾನವನ್ನು ಬಳಸುವವರಿಗೆ ಲಾಭಹಂಚಿಕೆಯ ಹೊಣೆಯಿಂದ ವಿನಾಯಿತಿ ನೀಡಿದೆ. ಗ್ರಂಥಸ್ಥವೆಂದರೆ ಔಷಧ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಹೆಸರಿಸಿದ ಆಯುರ್ವೇದ, ಸಿದ್ಧ, ಯುನಾನಿ ಗ್ರಂಥಗಳಿಂದ ಬಂದದ್ದು. ಬಾಯಿಯಿಂದ ಬಾಯಿಗೆ ಬಂದ ಅರಿವಿಗೆ ಈ ವಿನಾಯಿತಿ ಅನ್ವಯಿಸದು; ಅದನ್ನು ಬಳಸಿಕೊಳ್ಳುವ ಉದ್ಯಮವು ಅದರ ವಾರಸುದಾರರಿಗೆ ಪಾಲು ಕೊಡಬೇಕಾಗುತ್ತದೆ. ಕುಂದಾಪುರದ ಮನೆತನವೊಂದರ ಮದ್ದನ್ನು ಸಂಶೋಧಕನೊಬ್ಬ ‘ಸಿದ್ಧೌಷಧ’ವೆಂದು ದಾಖಲಿಸಿದರೆ, ಅದು ಗ್ರಂಥದಿಂದ ಬಂದದ್ದೆಂದು ವಾದಿಸಲು ಅವನೇ ಪುರಾವೆ ಒದಗಿಸಿದಂತಾಗುತ್ತದೆ. ಗೌರವಕ್ಕೆಂದು ಇಟ್ಟ ಹೆಸರು ಹಕ್ಕಿಗೆ ಕುತ್ತಾಗುವ ಸಂದರ್ಭವಿದು.

ಇನ್ನೊಂದು ಅಪಾಯ ರೋಗಿಯದು. ಹಾಲೆಯೆಂದು ಬಗೆದು ಕಾಸರ್ಕದ ತೊಗಟೆಯನ್ನು ತಂದರೆ ಅದು ಪ್ರಾಣಾಂತಕ ವಿಷ. ಕತ್ತಲೆಯಲ್ಲಿ ತೊಗಟೆ ತರುವ ಪದ್ಧತಿಯಲ್ಲಿ ಮರವನ್ನು ಮುನ್ನಾದಿನವೇ ಗುರುತಿಸಿಡುವ ಹಿರಿಯರ ಎಚ್ಚರವೇ ರಕ್ಷೆ. ಮರಗಳ ಪರಿಚಯವಿಲ್ಲದ ತಲೆಮಾರಿಗೆ ಆಚರಣೆ ಉಳಿದು ಎಚ್ಚರ ಅಳಿಯುತ್ತಿದೆ. ಕೆ. ಗೋಪಾಲಕೃಷ್ಣ ಭಟ್ಟರ ‘ಫ್ಲೋರಾ ಆಫ್ ಉಡುಪಿ’ (2003)ಯಂತಹ ಸಸ್ಯಶಾಸ್ತ್ರೀಯ ಕೃತಿಗಳ ನೆರವು ಇಲ್ಲಿ ಅವಶ್ಯ. ಹಾವಿನ ಕಡಿತವನ್ನು ಕರ್ನಾಟಕ ಸರಕಾರವು 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ‘ಖಗೇಂದ್ರಮಣಿದರ್ಪಣ’ದ ಸಾಹಿತ್ಯಕ, ಚಾರಿತ್ರಿಕ ಮೌಲ್ಯ ದೊಡ್ಡದು, ಆದರೆ ವಿಷ ಏರುತ್ತಿರುವ ದೇಹಕ್ಕೆ ಬೇಕಾದದ್ದು ಆಸ್ಪತ್ರೆಯ ಪ್ರತಿವಿಷ. ಪರಂಪರೆಯ ಮೇಲಿನ ಅಭಿಮಾನ ಈ ಭೇದವನ್ನು ಮಸುಕುಗೊಳಿಸಬಾರದು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ನಿಲುವು ಸರಳವಾದುದು. ಕುಂದಾಪುರ ಸೀಮೆಯ ವೈದ್ಯವು ತಮಿಳಿನ ಸಿದ್ಧವಲ್ಲ. ನಾಥಸಿದ್ಧರ ಇರವು ಅದನ್ನು ಹಾಗೆ ಮಾಡಲಾರದು. ಅದು ಕನ್ನಡ ಮತ್ತು ತುಳು ಮಾತಿನಲ್ಲಿ ಬದುಕಿರುವ, ಒಂದೊಂದು ಮನೆಯಲ್ಲಿ ಒಂದೊಂದು ತುಣುಕಾಗಿ ಉಳಿದಿರುವ ಮದ್ದಿನ ಅರಿವು. 2018ರಲ್ಲಿ ಬೈಂದೂರು, ಬ್ರಹ್ಮಾವರಗಳು ಪ್ರತ್ಯೇಕ ತಾಲೂಕುಗಳಾದ ಮೇಲೆ ಪಂಚಾಯತಿ ಮಟ್ಟದ ಜೀವವೈವಿಧ್ಯ ದಾಖಲೆಗಳಲ್ಲಿ ಈ ಅರಿವನ್ನು ಅದರ ಸ್ವಂತ ಹೆಸರಿನಲ್ಲಿ, ಬಲ್ಲವರ ಒಪ್ಪಿಗೆಯೊಡನೆ, ಸಸ್ಯದ ಖಚಿತ ಗುರುತಿನೊಡನೆ ಬರೆದಿಡುವ ಕೆಲಸಕ್ಕೆ ಹೆಚ್ಚಿನ ಮಹತ್ವ ಬಂದಿದೆ. ಬರೆದದ್ದೆಲ್ಲ ಗುಣಕಾರಿಯೆಂದು ಸಾರುವುದು ಸಂಶೋಧಕನ ಕೆಲಸವಲ್ಲ. ಯಾವ ಮದ್ದನ್ನು ಯಾರು, ಯಾವಾಗ, ಯಾವ ಮರದಿಂದ ತೆಗೆದರು ಎಂಬುದನ್ನು ತಪ್ಪಿಲ್ಲದೆ ದಾಖಲಿಸುವುದು ಅವನ ಮೊದಲ ಹೊಣೆ. ‘ಸಿದ್ಧ’ ಎಂಬ ಪದವನ್ನು ಬಳಸುವ ಮುನ್ನ ಅದರ ಮೂರು ಅರ್ಥಗಳಲ್ಲಿ ಯಾವುದು ವಿವಕ್ಷಿತವೆಂದು ಹೇಳುವ ಶಿಸ್ತು ಆ ಹೊಣೆಯ ಆರಂಭವಾಗಿದೆ.