ಸಾಕವ್ವನ ಹುಂಜಕ್ಕೆ ಯಾವ ಮಹಡಿ?

ಎಂ.ಎ. ತರಗತಿಯಲ್ಲಿ ದೇವನೂರ ಮಹಾದೇವ ಅವರ ‘ಒಡಲಾಳ’ ಓದಿದಾಗ ನಾವೆಲ್ಲ ಹಸಿವಿನ ಬಗ್ಗೆ, ಪೊಲೀಸರ ಬಗ್ಗೆ, ಆಡುಮಾತಿನ ಬಗ್ಗೆ ಟಿಪ್ಪಣಿ ಬರೆದುಕೊಂಡೆವು. ಮನೆಯ ಬಗ್ಗೆ ಯಾರೂ ಬರೆದುಕೊಳ್ಳಲಿಲ್ಲ. ಕಳೆದುಹೋದ ಹುಂಜವನ್ನು ಹುಡುಕಿಕೊಂಡು ಸಾಕವ್ವ ಅಲೆಯುವಾಗ ಅವಳ ಮನೆ ನಾಲ್ಕು ಗೋಡೆಗೆ ಮುಗಿಯುವುದಿಲ್ಲ, ಕೇರಿಗೂ ಚಾಚಿಕೊಳ್ಳುತ್ತದೆ. ಅದು ಹಳ್ಳಿಯ ಕೇರಿ, ನಗರದ ಕೊಳೆಗೇರಿಯಲ್ಲ, ನಿಜ. ಆದರೂ ನಗರದ ಬಡವರ ವಸತಿ ಯೋಜನೆಗಳ ಬಗ್ಗೆ ಓದುವಾಗಲೆಲ್ಲ ನನಗೆ ಆ ಹುಂಜ ನೆನಪಾಗುತ್ತದೆ.

ಕೇರಿಗೆ ‘ಕೊಳೆ’ ಅಂಟಿಸಿದ ಕೂಡಲೇ ಅಲ್ಲಿನ ಜನ ಮರೆಯಾಗಿ ಕೊಳೆಯೊಂದೇ ಕಾಣತೊಡಗುತ್ತದೆ. ಕೊಳಚೆ ಪ್ರದೇಶಗಳಿಗಾಗಿ ಕರ್ನಾಟಕ 1973ರಲ್ಲಿ ಮಾಡಿದ ಕಾಯ್ದೆಯ ಹೆಸರಿನಲ್ಲೇ ಸುಧಾರಣೆಯೂ ನಿರ್ಮೂಲನೆಯೂ ಪಕ್ಕಪಕ್ಕದಲ್ಲಿವೆ. ನಿರ್ಮೂಲನಾ ಮಂಡಳಿ ಮುಂದೆ ಅಭಿವೃದ್ಧಿ ಮಂಡಳಿಯಾಯಿತು. ಹೆಸರು ಬದಲಾದರೂ ಪರಿಹಾರ ಎಂದೊಡನೆ ಕಣ್ಮುಂದೆ ಬರುವ ಚಿತ್ರ ಹೆಚ್ಚುಕಡಿಮೆ ಒಂದೇ: ನೆಲಮಹಡಿ, ಮೇಲೆ ಮೂರು ಅಂತಸ್ತು. ಸೋರದ ಸೂರು, ಮನೆಯೊಳಗೇ ಕಕ್ಕಸು ಸಣ್ಣ ಮಾತಲ್ಲ. ಬೆಳಗಿನ ಜಾವ ಸಾಲಿನಲ್ಲಿ ನಿಂತವರಿಗೆ ಅದರ ಬೆಲೆ ಗೊತ್ತು. ಆದರೆ ಬೀಡಿ ಕಟ್ಟುವವಳು, ಗುಜರಿ ಆಯುವವನು, ತಳ್ಳುಗಾಡಿಯವನು ದುಡಿಯುವುದು ಮನೆಯ ಮುಂದಿನ ನೆಲದ ಮೇಲೆ. ತಳ್ಳುಗಾಡಿ ಮೆಟ್ಟಿಲು ಹತ್ತುವುದಿಲ್ಲ.

ಇಂದೋರಿನ ‘ಅರಣ್ಯ’ ಬಡಾವಣೆಯ ನಕ್ಷೆಗಳನ್ನು ಇದೇ ಕಾರಣಕ್ಕೆ ನಾನು ಕಥೆ ಓದಿದ ಹಾಗೆ ಓದುತ್ತೇನೆ. (ಇಂದೋರಿಗೆ ಇನ್ನೂ ಹೋಗಿಲ್ಲ, ಈ ಮಿತಿ ಓದುಗರಿಗೆ ತಿಳಿದಿರಲಿ.) 1980ರ ದಶಕದಲ್ಲಿ ಬಿ.ವಿ. ದೋಶಿ ಸುಮಾರು 6,500 ಮನೆಗಳಿಗಾಗಿ ಇದನ್ನು ಯೋಜಿಸಿದರು. ಕಡುಬಡವರಿಗೆ ಸಿಕ್ಕಿದ್ದು ಸಿದ್ಧ ಮನೆಯಲ್ಲ. ಸುಮಾರು 35 ಚದರ ಮೀಟರಿನ ನಿವೇಶನ, ಪಾಯ, ಕಕ್ಕಸು-ಬಚ್ಚಲು, ನೀರು, ಚರಂಡಿ. ಉಳಿದದ್ದನ್ನು ಕೈಯಲ್ಲಿ ಕಾಸಾದಂತೆ ಅವರೇ ಕಟ್ಟಿಕೊಳ್ಳಬೇಕು. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ಬಡವರ ಮನೆಯ ಅಳತೆ ಮೊದಲಿಗೆ 30 ಚದರ ಮೀಟರಿನವರೆಗೆ ಇತ್ತು. ಅಂಕಿಗಳು ಹತ್ತಿರಹತ್ತಿರ ಇವೆ, ಆದರೆ ಒಂದು ನೆಲದ ಅಳತೆ, ಇನ್ನೊಂದು ಹಲವೆಡೆ ಗಾಳಿಯಲ್ಲಿ ತೂಗುವ ಕೋಣೆಗಳ ಅಳತೆ. ಮಗನಿಗೆ ಮದುವೆಯಾದರೆ ಮೊದಲನೆಯದರ ಮೇಲೊಂದು ಕೋಣೆ ಏಳಬಹುದು.

ಹಾಗೆಂದು ‘ಅರಣ್ಯ’ದ ಕೀರ್ತಿಯ ಬಗ್ಗೆ ನನಗೆ ತಕರಾರಿಲ್ಲವೆಂದಲ್ಲ. ಆಗಾ ಖಾನ್ ಪ್ರಶಸ್ತಿ, ಮುಂದೆ 2018ರಲ್ಲಿ ದೋಶಿಯವರಿಗೆ ಪ್ರಿಟ್ಜ್‌ಕರ್, ಇವುಗಳ ಸುತ್ತ ನಾವು ಹೆಚ್ಚಾಗಿ ನೋಡುವ ಚಿತ್ರಗಳು ದೋಶಿಯವರೇ ವಿನ್ಯಾಸ ಮಾಡಿ ಕಟ್ಟಿಸಿದ 80 ಮಾದರಿ ಮನೆಗಳವು. ಆ ಮೆಟ್ಟಿಲು, ಆ ಬಾಲ್ಕನಿ ಕಣ್ಣಿಗೆ ಹಿತ. ಬರೀ ಪಾಯ ಮತ್ತು ಕಕ್ಕಸಿನಿಂದ ಶುರುಮಾಡಿದ ಸಂಸಾರ ತಗಡು, ಇಟ್ಟಿಗೆ, ಸಾಲ ಕೂಡಿಸಿ ಹತ್ತು ವರ್ಷ ಕಟ್ಟಿದ್ದು ಅಷ್ಟು ಚೆಂದದ ಚಿತ್ರವಾಗಲಾರದು. ನಮ್ಮ ವಿಮರ್ಶೆಯೂ ಕರ್ತೃವನ್ನು ಹುಡುಕುವಾಗ ವಾಸ್ತುಶಿಲ್ಪಿಯಲ್ಲೇ ನಿಂತುಬಿಡುತ್ತದೆ.

ಇನ್ನೊಂದು ತೊಡಕು: ‘ಅರಣ್ಯ’ಕ್ಕೆ ಊರಂಚಿನಲ್ಲಿ ಹೊಸ ಜಾಗ ಸಿಕ್ಕಿತ್ತು. ಊರ ನಡುವೆ ಆಗಲೇ ಬೇರುಬಿಟ್ಟ ಕೇರಿಗಳಿಗೆ ಆ ನಕ್ಷೆ ನೇರ ಒಗ್ಗುವುದಿಲ್ಲ. ಅಲ್ಲಿ ಒಡಿಶಾ 2017ರಲ್ಲಿ ತಂದ ಭೂಹಕ್ಕಿನ ಕಾನೂನು ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಾಳೆ ಜೆಸಿಬಿ ಬರುವುದಿಲ್ಲವೆಂಬ ಕಾಗದ ಕೈಯಲ್ಲಿದ್ದರೆ ತಗಡಿನ ಜಾಗಕ್ಕೆ ಇಟ್ಟಿಗೆ ಇಡಲು ಧೈರ್ಯ ಬರುತ್ತದೆ, ಹುಂಜವೂ ಅಂಗಳದಲ್ಲೇ ಉಳಿಯುತ್ತದೆ.