ಎರೆಮಣ್ಣಿನ ಮೇಲೆ ಹಗುರ ಮನೆ

ಕಾರ್ಖಾನೆಯಲ್ಲಿ ತಯಾರಾಗಿ ಲಾರಿ ಏರಿ ಬರುವ ಮನೆಯನ್ನು ಮಾರುವವರು ಮೊದಲು ಹೊಗಳುವುದು ಅದರ ಹಗುರತನವನ್ನು. ಉಕ್ಕಿನ ಚೌಕಟ್ಟು, ನಡುವೆ ಗಟ್ಟಿ ನೊರೆ ತುಂಬಿದ ಪಫ್ ಪ್ಯಾನೆಲ್ ಇಲ್ಲವೇ ಸಿಮೆಂಟ್ ಬೋರ್ಡಿನ ಗೋಡೆ. ಆಳದ ಬುನಾದಿ ಬೇಡ, ಕೆಲವೇ ವಾರಗಳಲ್ಲಿ ಗೃಹಪ್ರವೇಶ. ಹುಬ್ಬಳ್ಳಿಯ ಮಟ್ಟಿಗೆ ನನಗಿದು ಒಪ್ಪಿಗೆಯಿಲ್ಲ. ಇಲ್ಲಿ ಆ ಹಗುರತನವೇ ದೋಷ.

ಇಲ್ಲಿನ ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಉಬ್ಬಿದ ಮಣ್ಣು ಮೇಲಕ್ಕೆ ಒತ್ತಿದಾಗ ಭಾರದ ಕಟ್ಟಡ ಸ್ವಲ್ಪವಾದರೂ ತಡೆದೀತು. ಹಗುರವಾದದ್ದು ಎದ್ದುಬಿಡುತ್ತದೆ, ಅದೂ ಒಂದು ಮೂಲೆ ಹೆಚ್ಚು, ಇನ್ನೊಂದು ಕಡಿಮೆ. ಇಟ್ಟಿಗೆ ಗೋಡೆ ಸೀಳಿದರೆ ಗೌಂಡಿ ಬಂದು ಗಿಲಾಯಿ ಮಾಡಿ ಹೋಗುತ್ತಾನೆ. ಪ್ಯಾನೆಲ್ಲಿನ ಸಂದು ಬಿಟ್ಟರೆ ಮಳೆನೀರು ನೇರ ಒಳಗೆ. ಇಂಥ ನೆಲಕ್ಕೆ ಪರಿಹಾರ ಇಲ್ಲದಿಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಅಂಡರ್‌ರೀಮ್ಡ್ ಪೈಲ್, ಅಂದರೆ ಬುಡದಲ್ಲಿ ಗೆಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬ, ಸಾಮಾನ್ಯವಾಗಿ 3.5 ಮೀಟರ್ ಆಸುಪಾಸು ಇಳಿದು, ತೇವ ಅಷ್ಟಾಗಿ ಏರಿಳಿಯದ ಪದರವನ್ನು ಕಚ್ಚಿ ಹಿಡಿಯುತ್ತದೆ. ಆದರೆ ಅದರ ಖರ್ಚು ಸೇರಿದಾಗ 'ಅಗ್ಗದ ಮನೆ' ಎಂಬ ಮಾತು ಉಳಿಯುವುದು ಕಷ್ಟ. ಧಾರವಾಡದ ಕೆಂಪು ಮಣ್ಣಿನ ದಿಬ್ಬಗಳಲ್ಲಿ ಈ ತಕರಾರು ಇಷ್ಟಿಲ್ಲ. ಇನ್ನು ಹಳೇ ಹುಬ್ಬಳ್ಳಿಯ ಓಣಿಗಳಲ್ಲಂತೂ ಮನೆಯ ಭಾಗಗಳನ್ನು ಇಳಿಸುವ ಕ್ರೇನ್ ತಿರುಗಿದರೆ ತಾನೆ ಮುಂದಿನ ಮಾತು!

ಕಾರ್ಖಾನೆಯ ಮನೆ ನಮ್ಮದಲ್ಲ ಎಂಬ ಆಕ್ಷೇಪ ಮಾತ್ರ ನನ್ನದಲ್ಲ. ಧಾರವಾಡದ ಹಳೆಯ ಮನೆಗಳ ಮಂಗಳೂರು ಹೆಂಚು ಕೂಡ ಕಾರ್ಖಾನೆಯ ಮಾಲೇ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಒಂದೇ ಅಚ್ಚು, ಒಂದರ ಅಂಚು ಇನ್ನೊಂದರ ಕಚ್ಚಿನಲ್ಲಿ ಕೂರುವ ಜೋಡಣೆ. ಮಂಗ ಕುಣಿದು ಒಡೆದರೆ ಆ ಒಂದನ್ನಷ್ಟೇ ತೆಗೆದು ಬೇರೆ ಇಟ್ಟರಾಯಿತು. ಬಿಡಿಭಾಗಗಳ ಮನೆಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ. ಇಂದಿನ ಪ್ಯಾನೆಲ್ಲುಗಳಲ್ಲಿ ಒಬ್ಬರ ಕೊಂಡಿ ಇನ್ನೊಬ್ಬರದಕ್ಕೆ ಕೂಡುತ್ತದೆಂಬ ಖಾತ್ರಿಯಿಲ್ಲ. ತಯಾರಕ ಅಂಗಡಿ ಮುಚ್ಚಿದರೆ ಗೋಡೆಗೆ ತೇಪೆ ಹಾಕುವವರು ಯಾರು?

ತೋಟದ ಮನೆಗೆ, ಆಫೀಸಿಗೆ, ತಾತ್ಕಾಲಿಕ ವಸತಿಗೆ ಕಾರ್ಖಾನೆಯ ಮನೆ ಚೆನ್ನಾಗಿಯೇ ಒಗ್ಗುತ್ತದೆ. ಸಂಸಾರದ ಮನೆಯ ಲೆಕ್ಕ ಬೇರೆ. ನಮ್ಮಲ್ಲಿ ಮನೆ ಒಂದೇ ಸಲಕ್ಕೆ ಮುಗಿಯುವುದಿಲ್ಲ; ಮಗನ ಮದುವೆಗೆ ಮಾಳಿಗೆ ಮೇಲೊಂದು ಖೋಲಿ ಏಳಬೇಕು. ಆ ಭಾರವನ್ನು ಚೌಕಟ್ಟಿನ ಲೆಕ್ಕದಲ್ಲಿ ಮೊದಲೇ ಸೇರಿಸಿ ಬರೆಯಿಸದಿದ್ದರೆ, ಆಮೇಲೆ ಯಾವ ಎಂಜಿನಿಯರೂ ಅದಕ್ಕೆ ಸಹಿ ಹಾಕಲಾರ.