ಅಂಗಳದ ಹದ ಕಿವಿಗೆ ಹೊಂದದು

‘ಮಿಕ್ಸರ್‌ನಿಂದ ಒಂದು ವಯರ್ ಎಳೆದು ಮೊಬೈಲಿಗೆ ಕೊಟ್ಟರಾಯಿತು, ಜಾತ್ರೆಯಲ್ಲಿ ಕೇಳಿದ್ದೇ ಲೈವ್‌ನಲ್ಲೂ ಕೇಳುತ್ತದೆ.’ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಭಜನೆ, ಬಯಲಾಟಗಳನ್ನು ಯೂಟ್ಯೂಬಿಗೆ ಹಾಕುವಾಗ ನಾವು ನಂಬಿಕೊಂಡಿರುವ ಮಾತಿದು. ಅದೇ ಲೈವನ್ನು ಇಳಿಸಿಕೊಂಡು ಪಾಡ್‌ಕಾಸ್ಟ್ ಮಾಡಿದರೂ ನಡೆಯುತ್ತದೆ ಎಂಬುದು ಅದರ ಬೆನ್ನಿಗೇ ಬರುವ ನಂಬಿಕೆ. ಎರಡೂ ತಪ್ಪು.

ತತ್ವಪದದ ಮೇಳವನ್ನೇ ನೋಡಿ. ತಾಳ, ದಮ್ಮಡಿಗಳ ದನಿ ಮೊದಲೇ ಗಟ್ಟಿ. ಹಾಗಾಗಿ ಬಲ್ಲ ಸೌಂಡಿನವರು ಅವುಗಳ ಫೇಡರ್ ಇಳಿಸಿ, ಹಾಡುವವರ ದನಿ ಏರಿಸುತ್ತಾರೆ. ಗುಡಿಯ ಅಂಗಳದಲ್ಲಿ ಕೂತವರಿಗೆ ಗಾಳಿಯಲ್ಲಿ ಬಂದ ತಾಳವೂ ಬಾಕ್ಸಿನಿಂದ ಬಂದ ಪದವೂ ಕೂಡಿ ಹದವಾಗುತ್ತದೆ. ವಯರಿನೊಳಗೆ ಆ ಗಾಳಿ ಇಲ್ಲ. ಲೈವ್‌ನಲ್ಲಿ ಪದ ಬೋಳಾಗುತ್ತದೆ: ತಾಳ ಸಣ್ಣಗೆ, ಜನರ ಸದ್ದೇ ಇಲ್ಲ. ತಪ್ಪು ಸೌಂಡಿನವರದಲ್ಲ. ಅವರು ಅಂಗಳಕ್ಕೆಂದು ಮಾಡಿದ ಹದವನ್ನು ನಾವು ಊರಾಚೆಗೆ ಕಳಿಸಿದ್ದೇವೆ.

ಇದನ್ನು ಸರಿಪಡಿಸಲು ಸ್ಟುಡಿಯೋ ಬೇಕಿಲ್ಲ. ಬಹುತೇಕ ಮಿಕ್ಸರ್‌ಗಳಲ್ಲಿ ಪ್ರತಿ ಚಾನೆಲ್ಲಿಗೂ ಆಕ್ಸ್ ಎಂಬ ಗುಂಡಿ ಇರುತ್ತದೆ; ಲೈವ್‌ಗೆ ಬೇರೆಯದೇ ಹದವನ್ನು ಅದರಿಂದ ಕಳಿಸಬಹುದು. ಅದು ಪ್ರೀ-ಫೇಡರ್ ಆಗಿದ್ದರೆ ಅಂಗಳದ ಫೇಡರ್ ಎಷ್ಟು ಏರಿಳಿದರೂ ಲೈವ್‌ನ ಹದ ಕದಲದು. ಅಲ್ಲಿ ತಾಳ ಹೆಚ್ಚಿಸಿ, ಜನರತ್ತ ತಿರುಗಿಸಿದ ಒಂದು ಮೈಕ್ ಸೇರಿಸಿ. ಆ ಮೈಕ್ ಲೈವ್‌ಗೆ ಮಾತ್ರ. ಬಾಕ್ಸಿಗೆ ಕೊಟ್ಟರೆ ಕೀರಲು ಶುರುವಾಗುತ್ತದೆ. ಅದನ್ನು ಬಾಕ್ಸ್‌ಗಳ ಹತ್ತಿರದಲ್ಲೇ ಇಡಬೇಕು. 34 ಮೀಟರ್ ದೂರದಲ್ಲಿಟ್ಟರೆ ಬಾಕ್ಸಿನ ದನಿ ಅದಕ್ಕೆ ಸೆಕೆಂಡಿನ ಹತ್ತನೇ ಒಂದರಷ್ಟು ತಡವಾಗಿ ತಲುಪುತ್ತದೆ, ವಯರಿನಲ್ಲೊಮ್ಮೆ, ಮೈಕಿನಲ್ಲೊಮ್ಮೆ ಪ್ರತಿ ಸೊಲ್ಲೂ ಎರಡೆರಡು ಸಲ ಕೇಳುತ್ತದೆ.

ಪಾಡ್‌ಕಾಸ್ಟಿಗೆ ಈ ಹದವೂ ಸಲ್ಲದು. ಲೈವ್ ನೋಡುವವರಲ್ಲಿ ಗುಳೆ ಹೋಗಿ ಬೆಂಗಳೂರಿನ ಶೆಡ್‌ಗಳಲ್ಲಿ ಇರುವವರಿದ್ದಾರೆ. ಜನರ ಗದ್ದಲ ಕಿವಿಗೆ ಬಿದ್ದರೇ ಅವರು ಜಾತ್ರೆಗೆ ಬಂದಂತೆ. ಪಾಡ್‌ಕಾಸ್ಟ್ ಕೇಳುವವರು ಇಯರ್‌ಫೋನ್ ಹಾಕಿಕೊಂಡ ಒಬ್ಬಂಟಿಗರು. ಅವರಿಗೆ ಪದದ ಒಂದೊಂದು ಮಾತೂ ಬಿಡಿಸಿ ಕೇಳಬೇಕು. ಲೈವ್‌ನಲ್ಲಿ ಕೆಟ್ಟದ್ದು ಕೆಟ್ಟೇ ಹೋಯಿತು, ಅದಕ್ಕೆ ದನಿ ಮಿತಿ ಮೀರದಂತೆ ತಡೆಯುವ ಲಿಮಿಟರ್ ಕಾವಲು ಬೇಕು. ಪಾಡ್‌ಕಾಸ್ಟಿಗಾದರೆ ಪ್ರತಿ ಮೈಕನ್ನೂ ಬೇರೆ ಟ್ರ್ಯಾಕಿನಲ್ಲಿ ಹಿಡಿದಿಟ್ಟು ಆಮೇಲೆ ನಿಧಾನವಾಗಿ ಹದ ಮಾಡಬಹುದು. ಜೋರಿದ್ದಷ್ಟೂ ಚೆನ್ನ ಎಂಬುದೂ ಇಲ್ಲಿ ನಡೆಯದು: ಆ್ಯಪಲ್ ಪಾಡ್‌ಕಾಸ್ಟ್ಸ್ ಬಯಸುವ ಮಟ್ಟ ದನಿಯ ಜೋರಿನ ಅಳತೆಯಲ್ಲಿ ಸುಮಾರು ಮೈನಸ್ 16 ಎಲ್‌ಯುಎಫ್‌ಎಸ್, ಹೆಚ್ಚು ಜೋರಾದ ವಿಡಿಯೋದ ದನಿಯನ್ನು ಯೂಟ್ಯೂಬ್ ತಾನೇ ಇಳಿಸುತ್ತದೆ.

‘ನಮ್ಮ ಹಳ್ಳಿ ಜನಕ್ಕೆ ಇಷ್ಟೆಲ್ಲ ಯಾಕೆ?’ ಎನ್ನುವವರು ಮಸ್ಕಿಯ ಬಂಡೆಯನ್ನು ನೆನೆಯಲಿ. 1915ರಲ್ಲಿ ಬೆಳಕಿಗೆ ಬಂದ ಅಶೋಕನ ಈ ಕಿರುಶಾಸನದ ಸಂದೇಶವೇ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಇದೆ. ಬ್ರಹ್ಮಗಿರಿಯದು ಇಸಿಲ ಎಂಬ ಊರಿನ ಅಧಿಕಾರಿಗಳಾದ ಮಹಾಮಾತ್ರರ ಆರೋಗ್ಯ ವಿಚಾರಿಸಿ ಶುರುವಾಗುತ್ತದೆ. ಮಸ್ಕಿಯದು ಅಶೋಕನ ಹೆಸರನ್ನೇ ಹೇಳುತ್ತದೆ. ಸಂದೇಶ ಒಂದೇ ಆದರೂ ಎಲ್ಲ ಕಡೆಗೂ ಒಂದೇ ಪಾಠ ಹೋಗಿಲ್ಲ.

ನಮ್ಮ ಪದಗಳು ಇನ್ನೂ ಹಿರಿಯರ ಬಾಯಲ್ಲಿವೆ. ನಾಳೆ ಅವನ್ನು ಕಲಿಯಲು ಕೂರುವ ಹುಡುಗಿಗೆ ಜಾತ್ರೆಯ ಗದ್ದಲದಡಿ ಹೂತ ದನಿ ಸಾಲದು. ಅಜ್ಜನ ಸೊಲ್ಲು ಎಲ್ಲಿ ಎಳೆಯಿತು, ಎಲ್ಲಿ ನಿಂತಿತು ಎಂಬುದು ಅವಳಿಗೆ ಕೇಳಬೇಕು. ಬೇರೆ ಟ್ರ್ಯಾಕ್ ಬೇಕಿರುವುದು ಅದಕ್ಕೆ.